ಕರೆದುಕೊಂಡನೋ, ಕರೆದು ಕೊಂದನೋ

ಹೊಸ ಕಣ್ಣಿನ ಹಳೇ ಗೆಳೆಯ ಹಸೈನಾರನಿಗೆ,

ನೀನು ಈ ಕಾಗದ ಓದುತ್ತಿದ್ದೀ ಅಂದರೆ ಒಂದು ವಿಷಯ ಖಾತ್ರಿ. ನಿನಗೆ ನನ್ನ ಮೇಲೆ ಸಂಶಯ ಬಂದಿದೆ. ಇಲ್ಲದಿದ್ದರೆ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಹೆಂಡತಿ ಸೈನಬಳ ಮುಖ ನೋಡಿ, ಮೊಮ್ಮಗಳ ಮುಖ ನೋಡಿ, ಹೊಳೆ ನೋಡಿ ಸುಮ್ಮನಿರುವುದು ಬಿಟ್ಟು ‘ಒಂಬತ್ತು ಹೊಳೆಯ ದೊರೆ’ ಕಾದಂಬರಿಯ ಎರಡನೇ ಸಂಪುಟ ತೆಗೆದು, ಅದರಲ್ಲೂ ಮುನ್ನೂರ ಹನ್ನೆರಡನೇ ಪುಟ ಹುಡುಕುತ್ತಿರಲಿಲ್ಲ. ಕಾಗದವನ್ನು ಅಲ್ಲೇ ಇಟ್ಟಿದ್ದೇನೆ, ಆ ವಾಕ್ಯ ಮುಚ್ಚುವ ಹಾಗೆ. ಮೊದಲು ಇದನ್ನು ಓದಿ ಮುಗಿಸು. ಆಮೇಲೆ ಕಾಗದ ಸರಿಸಿ ವಾಕ್ಯ ನೋಡು. ಆಮೇಲೆ ಬೈ. ಈ ಕ್ರಮ ತಪ್ಪಿಸಬೇಡ ಮಾರಾಯ.

ನಾವಿಬ್ಬರೂ ಒಂದನೇ ಕ್ಲಾಸಿನಿಂದ ತುಳುವಿನಲ್ಲೇ ಜಗಳ ಆಡಿದವರು. ಕನ್ನಡ ಏನಿದ್ದರೂ ಮಾಷ್ಟ್ರ ಎದುರು, ಆಫೀಸಿನವರ ಎದುರು. ಹಾಗಾಗಿ ತಪ್ಪೊಪ್ಪಿಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅರ್ಜಿಯ ಹಾಗೆ ಕಾಣಲಿ ಎಂದು. ಅದೂ ಅಲ್ಲದೆ ತಪ್ಪು ನಡೆದದ್ದು ಕನ್ನಡದಲ್ಲಿಯೇ. ತುಳುವಿನಲ್ಲಿ ಅದು ನಡೆಯುವ ಸಾಧ್ಯತೆಯೇ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ನಿನ್ನ ಎರಡೂ ಕಣ್ಣಿಗೆ ಪೊರೆ ಬಂತು. ಬಂಟ್ವಾಳ ಪೇಟೆಯಲ್ಲಿ ಐವತ್ತು ವರ್ಷ ಲುಂಗಿಗೆ, ಅಂಗಿಬಟ್ಟೆಗೆ, ಮದುವೆ ಜವಳಿಗೆ ಕತ್ತರಿ ಹಾಕಿದ ಮನುಷ್ಯ ನೀನು. ಕಣ್ಣಿಗೆ ಕತ್ತರಿ ಅಂದ ಕೂಡಲೇ ಬಟ್ಟೆಯ ಥಾನುಗಳ ಹಿಂದೆ ಅಡಗಿ ಕೂತೆ. “ಮುಟ್ಟಿದ್ರೆ ಗೊತ್ತಾಗ್ತದೆ, ಬಟ್ಟೆಗೆ ಕಣ್ಣು ಯಾಕೆ?” ಅಂತ ಸೈನಬಳ ಬಾಯಿ ಮುಚ್ಚಿಸಿದೆ. ಬಟ್ಟೆಗೆ ಬೇಡದಿರಬಹುದು, ಪುಸ್ತಕಕ್ಕೆ ಬೇಕಲ್ಲ? ಅಲ್ಲಿ ನಾನು ಸಿಕ್ಕಿಬಿದ್ದೆ.

ಪುಸ್ತಕ ತಂದು ಹಾಕಿದವಳು ನಿನ್ನ ಮೊಮ್ಮಗಳು ಫರ್ಹಾನ. ಮೂಡುಬಿದಿರೆಯಲ್ಲಿ ಪಾಠ ಮಾಡುವ ಹುಡುಗಿ, ಆ ಕಥೆಯ ಹುಚ್ಚು ಹಿಡಿದ ಮೂವತ್ತು ನಲವತ್ತು ಜನರನ್ನು ಸೇರಿಸಿ ‘ದೊರೆ ಬಳಗ’ ಅಂತ ಬೇರೆ ಮಾಡಿದ್ದಾಳೆ. ನಾನು ನರಿಕೊಂಬಿನಿಂದ ರಿಕ್ಷಾ ಹಿಡಿದು, ಬಸ್ಸು ಹಿಡಿದು ಮಧ್ಯಾಹ್ನ ನಿನ್ನ ಅಂಗಡಿಗೆ ಬರುವುದು. ನೀನು ನಮಾಜು ಮುಗಿಸಿ ಬಂದು ಕಾಲು ಚಾಚಿ ಕೂರುವುದು. ನಾನು ದಿನಕ್ಕೆ ಹತ್ತು ಪುಟ ಓದುವುದು. ಓದಿದ್ದು ಹತ್ತು ಪುಟ, ಜಗಳ ಇಪ್ಪತ್ತು ಪುಟದಷ್ಟು. ಗಿರಾಕಿಗಳು ಬಂದರೆ ನೀನು “ಸ್ವಲ್ಪ ನಿಲ್ಲಿ, ಕೋಟೆಗೆ ಬೆಂಕಿ ಬಿದ್ದಿದೆ” ಅನ್ನುತ್ತಿದ್ದೆ. ಒಬ್ಬಳು ಹೆಂಗಸು ಹೆದರಿ ರಸ್ತೆಗೇ ಓಡಿದ್ದು ನೆನಪುಂಟಾ?

ಆ ದೊರೆಯ ಹೆಸರೇ ನಿರುತ್ತರ. ಹೆಸರಿಗೆ ಸರಿಯಾಗಿ ಯಾರು ಏನು ಕೇಳಿದರೂ ಉತ್ತರ ಕೊಡದವ. ತನ್ನದೇ ಕಣಜಕ್ಕೆ ಬೆಂಕಿ ಇಡುತ್ತಾನೆ, ಶತ್ರುವಿಗೆ ಕೋಟೆಯ ಬಾಗಿಲು ತೆಗೆಯುತ್ತಾನೆ, ಜನ ಶಪಿಸಿದರೆ ಕಿಟಕಿಯಲ್ಲಿ ನಿಂತು ಕೇಳುತ್ತಾನೆ. ಬಳಗದವರಿಗೆಲ್ಲ ಒಂದೇ ಪ್ರಶ್ನೆ: ಇವ ರಾಕ್ಷಸನೋ, ಅಥವಾ ಇದರ ಹಿಂದೆ ಯಾರಿಗೂ ಕಾಣದ ದೊಡ್ಡ ಯೋಜನೆ ಏನಾದರೂ ಉಂಟೋ? ಉತ್ತರ ಇದ್ದದ್ದು ಎರಡನೇ ಸಂಪುಟದ ಕೊನೆಗೆ, ದೊರೆ ತನ್ನ ತಮ್ಮನನ್ನು ಹೊಳೆಬದಿಯ ಮಂಟಪಕ್ಕೆ ಬರಹೇಳುವ ಪುಟದಲ್ಲಿ.

ಅಲ್ಲಿ ಅಚ್ಚಾದದ್ದು ಹೀಗೆ: ‘ದೊರೆ ತಮ್ಮನನ್ನು ಮಂಟಪದ ಒಳಗೆ ಕರೆದು ಕೊಂದ.’

ನಾನು ಓದಿದ್ದು ಹೀಗೆ: ‘ದೊರೆ ತಮ್ಮನನ್ನು ಮಂಟಪದ ಒಳಗೆ ಕರೆದುಕೊಂಡ.’

ಅಷ್ಟೆ. ನಾಲಿಗೆ ಹಲ್ಲಿಗೆ ತಾಗಿದರೆ ಕೊಲೆ, ಸ್ವಲ್ಪ ಮೇಲಕ್ಕೆ ಮಡಚಿದರೆ ಕರುಣೆ. ನನ್ನ ಹಲ್ಲಿನ ಸೆಟ್ಟು ಸಡಿಲ, ಬಾಯಿ ತಪ್ಪಿತು ಅಂತ ಈಗ ನೆವ ಹೇಳಬಹುದು. ಆದರೆ ಆ ದಿನ ಸೆಟ್ಟು ಗಟ್ಟಿಯಾಗಿಯೇ ಇತ್ತು. ಬೇಕೂಂತಲೇ ಮಾಡಿದೆ.

ಯಾಕೆ ಅಂತ ಕೇಳ್ತೀಯಾ? ಏಳನೇ ಕ್ಲಾಸಿನ ಚರ್ಚಾ ಸ್ಪರ್ಧೆ. ಹಳ್ಳಿ ಮೇಲೋ ಪೇಟೆ ಮೇಲೋ. ನಾನು ಹಳ್ಳಿಯ ಪರವಾಗಿ ಮೂರು ದಿನ ಬಾಯಿಪಾಠ ಮಾಡಿ ಬಂದಿದ್ದೆ. ನೀನು ಎದ್ದು ನಿಂತವನೇ, “ಇವನ ಊರಿನ ಹೆಸರೇ ನರಿಕೊಂಬು. ನರಿಗೆ ಕೊಂಬು ಉಂಟು ಅನ್ನುವ ಊರಿನವನ ಮಾತು ನಂಬ್ತೀರಾ ಸಾರ್?” ಅಂದೆ. ಇಡೀ ಶಾಲೆ ನಕ್ಕಿತು, ಹೆಡ್ಮಾಷ್ಟ್ರೂ ನಕ್ಕರು, ಬಹುಮಾನದ ಪೆನ್ನು ನಿನಗೆ ಹೋಯಿತು. ಅರುವತ್ತು ವರ್ಷ ಆ ಕೊಂಬು ನನ್ನನ್ನು ಚುಚ್ಚುತ್ತಾ ಉಂಟು. ಫರ್ಹಾನ ಆ ಮುಂದಿನ ತಿಂಗಳ ಬಳಗದ ಚರ್ಚೆಗೆ ನಿನ್ನನ್ನು ಕರೆದಿದ್ದಳು. ನೀನು ಅಲ್ಲಿ ಎದ್ದು “ದೊರೆ ತಮ್ಮನನ್ನು ಕೊಲ್ಲಲೇ ಇಲ್ಲ” ಅನ್ನಬೇಕು, ನಲವತ್ತು ಹುಡುಗರು ಹೊಟ್ಟೆ ಹಿಡಿದು ನಗಬೇಕು, ನಾನು ಹಿಂದಿನ ಸಾಲಿನಲ್ಲಿ ಕೂತು ಕಡಲೆ ತಿನ್ನಬೇಕು. ನನ್ನ ಮಹಾಯೋಜನೆ ಇಷ್ಟೇ. ದೊರೆಯ ಯೋಜನೆಗಿಂತ ತುಂಬ ಸಣ್ಣದು.

ಆದರೆ ನೀನು ನಾನು ಎಣಿಸಿದ ಹಾಗೆ ಮಾಡಲಿಲ್ಲ. ಕೈಯಲ್ಲಿದ್ದ ಅಳತೆಕೋಲನ್ನು ಮೊಣಕಾಲ ಮೇಲೆ ಉರುಳಿಸುತ್ತಾ ಇದ್ದೆ. ಆಮೇಲೆ, “ಶಂಭು, ಇನ್ನೊಂದು ಸಲ ಓದು” ಅಂದೆ.

ಹಸೈನಾರ್, ನನ್ನ ತಪ್ಪು ಇರುವುದು ಆ ಎರಡನೇ ಸಲದಲ್ಲಿ. ಮೊದಲನೆಯದು ತಮಾಷೆ. ನಿನ್ನ ಮುಖ ನೋಡಿದ ಮೇಲೆಯೂ, ಇದು ಪುಸ್ತಕದ ವಿಷಯ ಅಲ್ಲ ಅಂತ ಗೊತ್ತಾದ ಮೇಲೆಯೂ, ಮತ್ತೆ ‘ಕರೆದುಕೊಂಡ’ ಅಂತಲೇ ಓದಿದೆನಲ್ಲ, ಅದು ಸುಳ್ಳು.

ಯಾಕೆಂದರೆ ನೀನು ಮತ್ತು ನಿನ್ನ ತಮ್ಮ ಮುನವ್ವರ್ ಮಾತು ಬಿಟ್ಟು ಆಗ ಎಂಟು ತಿಂಗಳಾಗಿತ್ತು. ಎಲ್ಲಾ ಒಂದು ಬೋರ್ಡಿನ ದೆಸೆಯಿಂದ. ಅಂಗಡಿಗೆ ಹೊಸ ಬೋರ್ಡು ಬರೆಸಿದೆ, ‘ಹಸೈನಾರ್ ಆ್ಯಂಡ್ ಬ್ರದರ್’ ಅಂತ. ಮೂವತ್ತು ವರ್ಷ ನಿನ್ನ ಜೊತೆ ಥಾನು ಹೊತ್ತವ ಅದನ್ನು ನೋಡಿ, “ನಿಮಗೆ ಹೆಸರುಂಟು, ನಾನು ಬರೀ ಬ್ರದರ್ರಾ?” ಅಂತ ಕೇಳಿದ. ನೀನು ತಮಾಷೆ ಮಾಡಿದೆ. ಅವ ತಮಾಷೆ ಮಾಡಲಿಲ್ಲ. ಬೆಳ್ತಂಗಡಿಗೆ ಹೋಗಿ ಬೇರೆಯೇ ಅಂಗಡಿ ತೆರೆದ.

ಆ ಮಧ್ಯಾಹ್ನ ನೀನು ನನ್ನ ಕಡೆಗೆ ತಿರುಗಿ, ಕಾಣದ ಕಣ್ಣು ಒರೆಸಿಕೊಂಡು ಹೇಳಿದ್ದು ಇಷ್ಟೆ: “ಅಷ್ಟು ದೊಡ್ಡ ದೊರೆಗೇ ತಮ್ಮ ಬೇಕಾಯ್ತಲ್ಲ ಮಾರಾಯ. ಬೆಳ್ತಂಗಡಿಗೆ ಈಗ ಬಸ್ಸು ಉಂಟಾ?”

ಅಲ್ಲೇ ಹೇಳಬೇಕಿತ್ತು. ಆದರೆ ನಾನು ಸತ್ಯ ಹೇಳಿದರೆ ನೀನು ಕೂರುತ್ತೀ, ಸುಳ್ಳು ಹೇಳಿದರೆ ಏಳುತ್ತೀ. ನೀನು ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದೆ. ನಾನು ಪುಸ್ತಕ ಚೀಲಕ್ಕೆ ಹಾಕಿ ನಿನ್ನ ಕೈ ಹಿಡಿದೆ.

ಮುನವ್ವರನ ಅಂಗಡಿ ಬಾಗಿಲಲ್ಲಿ ನೀನು ಮಾಡಿದ್ದನ್ನು ನಾನು ಊರಿಡೀ ಹೇಳಿಕೊಂಡು ಬಂದಿದ್ದೇನೆ, ನಿನಗೆ ಮಾತ್ರ ಪೂರ್ತಿ ಹೇಳಿಲ್ಲ. ಬಾಗಿಲ ಎದುರು ಅಂಗಿ ಹಾಕಿಸಿ ನಿಲ್ಲಿಸಿದ್ದ ಬೊಂಬೆಯ ಭುಜ ಹಿಡಿದುಕೊಂಡು ನೀನು, “ಮುನವ್ವರ್, ಬೋರ್ಡು ತೆಗೆಸ್ತೇನೆ, ಮನೆಗೆ ಬಾ” ಅಂದೆ. ಬೊಂಬೆ ಉತ್ತರ ಕೊಡಲಿಲ್ಲ. ಅದೂ ನಿರುತ್ತರ. ನೀನು ಮತ್ತೆ ಹೇಳಿದೆ, ಈ ಸಲ ಸ್ವರ ಒಡೆಯಿತು. ಹಿಂದಿನಿಂದ ಮುನವ್ವರ್ ಬಂದು ನಿಂತಿದ್ದ. “ಅದು ಬೊಂಬೆ ಮಾರಾಯ್ರೆ” ಅಂದ. “ಅದಕ್ಕೂ ನನ್ನ ಹಾಗೆಯೇ ಹೆಸರಿಲ್ಲ.” ಆಮೇಲೆ ನಗು ಯಾರದ್ದು, ಅಳು ಯಾರದ್ದು ಅಂತ ನನಗೆ ಹೇಳಲಿಕ್ಕೆ ಬರುವುದಿಲ್ಲ. ನಾನು ಬೊಂಬೆಯ ಅಂಗಿಯ ಗುಂಡಿ ಸರಿ ಮಾಡುತ್ತಾ ರಸ್ತೆ ಕಡೆಗೆ ಮುಖ ಮಾಡಿ ನಿಂತಿದ್ದೆ.

ಹೀಗೆ ನನ್ನ ಕೀಟಲೆ ಕೆಟ್ಟುಹೋಗಿ ಒಳ್ಳೆಯದಾಯಿತು. ಮೂಡುಬಿದಿರೆಯಲ್ಲಿಯೂ ಅಷ್ಟೆ. ನೀನು ಎದ್ದು ನಿಂತು “ಕೊಲ್ಲಲಿಲ್ಲ” ಅಂದಾಗ ಹುಡುಗರು ನಕ್ಕರು, ನಾನು ಕಡಲೆ ಪೊಟ್ಟಣ ಬಿಚ್ಚಿದೆ. ಆಮೇಲೆ ನೀನು ಕೇಳಿದೆ: “ಹಾಗಾದ್ರೆ ಮೂರನೇ ಸಂಪುಟದಲ್ಲಿ ದೊರೆಯ ಊಟಕ್ಕೆ ದಿನಾಲೂ ಎರಡು ಎಲೆ ಯಾಕೆ ಹಾಕ್ತಾರೆ?” ನಗು ನಿಂತಿತು. “ಕಣಜಕ್ಕೆ ಬೆಂಕಿ ಬೀಳುವ ಮೂರು ದಿನ ಮೊದಲು ಗಾಡಿಗಳು ಹೊರಟದ್ದು ಎಲ್ಲಿಗೆ? ಜನ ತನ್ನನ್ನು ದ್ವೇಷಿಸ್ಲಿ, ತಮ್ಮ ಬದುಕ್ಲಿ, ನಾಳೆ ಅವನನ್ನು ಜನರೇ ಹೊತ್ತು ತರ್ಲಿ. ಇದು ಅವನ ಲೆಕ್ಕ.” ಎಲ್ಲರೂ ರಪರಪ ಪುಟ ತಿರುಗಿಸಿದರು. ಎರಡು ಎಲೆ ಎಲ್ಲರ ಪುಸ್ತಕದಲ್ಲಿಯೂ ಇತ್ತು! ತಮ್ಮ ಸತ್ತ ಅಂತ ಕಣ್ಣಾರೆ ಓದಿದವರಿಗೆ ಅದು ಕಾಣಲೇ ಇಲ್ಲ. ಕಣ್ಣು ಕಾಣದವನಿಗೆ ಕಂಡಿತು. ನನ್ನ ಕಡಲೆ ಗಂಟಲಲ್ಲಿ ಸಿಕ್ಕಿತು. ಕನ್ನಡಕದಾಣೆ ಹೇಳ್ತೇನೆ, ಆ ಎಲೆ ನಾನು ಹಾಕಿದ್ದಲ್ಲ, ಕಥೆ ಬರೆದವರೇ ಹಾಕಿದ್ದು.

ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಶೋಧನ್ ಅಂತ ಒಬ್ಬ ಹುಡುಗ, “ಅಜ್ಜ, ನಮ್ಮ ಪುಸ್ತಕದಲ್ಲಿ ‘ಕೊಂದ’ ಅಂತ ಉಂಟಲ್ಲ?” ಅಂತ ಕೇಳಿದ. ನೀನು ನನ್ನ ಕಡೆ ತಿರುಗಿದೆ. ನನ್ನ ಹಾಳು ನಾಲಿಗೆ, “ನಮ್ಮದು ಮೊದಲ ಮುದ್ರಣ” ಅಂದುಬಿಟ್ಟಿತು. ಅಷ್ಟು ಸಾಕಾಯಿತು. ಬಳಗ ಎರಡಾಯಿತು, ‘ಕೊಂಡ’ದವರು ಮತ್ತು ‘ಕೊಂದ’ದವರು. ಪಾಪ ಶೋಧನ್ ಹೆಸರಿಗೆ ತಕ್ಕ ಹಾಗೆ ಮೊದಲ ಮುದ್ರಣದ ಶೋಧನೆಗೆ ಹೊರಟು ನಾರಾವಿಯಿಂದ ಚಾರ್ಮಾಡಿಯವರೆಗೆ ಲೈಬ್ರರಿ ಬಿಡಲಿಲ್ಲ, ಮನೆ ಬಿಡಲಿಲ್ಲ. ಮೊಬೈಲಿನಲ್ಲಿ ಇನ್ನೂ ಹೊಡೆದಾಡುತ್ತಿದ್ದಾರೆ. ನಮ್ಮ ಪ್ರತಿ ಮಾತ್ರ ನನ್ನ ಚೀಲದಿಂದ ಹೊರಗೆ ಬರಲೇ ಇಲ್ಲ. ಪೊರೆ ಅಂದರೆ ಕಾಪಾಡು ಅಂತಲೂ ಅರ್ಥ ಉಂಟಲ್ಲ? ಇಷ್ಟು ದಿನ ನನ್ನನ್ನು ಪೊರೆದದ್ದು ನಿನ್ನ ಪೊರೆಯೇ.

ಅದನ್ನೂ ಈಗ ತೆಗೆಸಿಬಿಟ್ಟೆ. ನಾವೆಲ್ಲ ನಾಲ್ಕು ವರ್ಷ ಹೇಳಿ ಸೋತದ್ದನ್ನು ಮುನವ್ವರ್ ಒಂದು ಮಾತಿನಲ್ಲಿ ಮಾಡಿಸಿದ: “ಹೊಸ ಬೋರ್ಡಿನಲ್ಲಿ ನನ್ನ ಹೆಸರು ಸರಿಯಾಗಿ ಬರೆದಿದ್ದಾರಾ ಅಂತ ನೀವೇ ಓದಿ ಹೇಳ್ಬೇಕು.” ನೀನು ಅವನ ಕೈ ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ನಾನು ಇಲ್ಲಿ ಖುಷಿಪಟ್ಟೆ, ಹೆದರಿದೆ, ಮತ್ತೆ ಖುಷಿಪಟ್ಟೆ. ಬರುವ ಭಾನುವಾರ ಮೂಡುಬಿದಿರೆಯಲ್ಲಿ ಕೊನೆಯ ಚರ್ಚೆ. ಫರ್ಹಾನ ಮೊದಲ ಮುದ್ರಣ ತರಲೇಬೇಕು ಅಂದಿದ್ದಾಳೆ, ಅಷ್ಟೂ ಜನರ ಎದುರು ಆ ಪುಟ ತೋರಿಸಬೇಕಂತೆ. ನೀನು ಹೆಮ್ಮೆಯಿಂದ ಪುಟ ಬಿಚ್ಚಿ, ನಿನ್ನ ಹೊಸ ಕಣ್ಣಿನಿಂದಲೇ ‘ಕೊಂದ’ ಅಂತ ಓದಿ ನಾಚಿಕೆಪಡುವುದನ್ನು ಹಿಂದಿನ ಸಾಲಿನಲ್ಲಿ ಕೂತು ನೋಡುವ ಶಕ್ತಿ ನನಗಿಲ್ಲ. ಅರುವತ್ತು ವರ್ಷ ಕಾದದ್ದು ಅದಕ್ಕೇ ಆದರೂ. ನಿನಗೆ ಸಂಶಯ ಬಾರದೆ ಇದ್ದಿದ್ದರೆ ಶನಿವಾರ ನಾನೇ ಬಂದು ಈ ಪುಟ ತೆಗೆದು ಕೊಡುವವನಿದ್ದೆ.

ಭಾನುವಾರ ಮೊದಲು ಎದ್ದು ನಿಲ್ಲುವವ ನಾನು. ಮೊದಲ ಮುದ್ರಣವೂ ಇಲ್ಲ, ಮಣ್ಣೂ ಇಲ್ಲ, ಎಲ್ಲಾ ಈ ಮುದುಕನ ಕಿತಾಪತಿ ಅಂತ ಹೇಳ್ತೇನೆ. ಶೋಧನನ ಹತ್ತಿರ ಬಸ್ಸಿನಲ್ಲಿ ಸುತ್ತಿಸಿದ್ದಕ್ಕೆ ಕ್ಷಮೆ ಕೇಳ್ತೇನೆ. ಆಮೇಲೆ ನೀನು ಎದ್ದು ಎರಡು ಎಲೆಯ ಪ್ರಶ್ನೆ ಕೇಳು. ಅದಕ್ಕೆ ಇವತ್ತಿಗೂ ಯಾರಲ್ಲಿಯೂ ಉತ್ತರ ಇಲ್ಲ. ‘ಕೊಂದ’ ಅಂತ ಬರೆದರೂ ಕೊಂದಿಲ್ಲದೆ ಇರಬಹುದು, ದೊರೆಯೇ ಹಾಗಂತ ಸುದ್ದಿ ಹಬ್ಬಿಸಿರಬಹುದು. ಹಬ್ಬಿಸುವುದು ಎಷ್ಟು ಸುಲಭ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕನ್ನಡದ ‘ಕರೆ’ಯನ್ನು ಸ್ವಲ್ಪ ಓರೆ ಮಾಡಿದರೆ ನಮ್ಮ ತುಳುವಿನ ‘ಕೆರ್’ ಆಗ್ತದೆ, ಅಂದರೆ ಕೊಲ್ಲು. ಕರೆಯುವುದಕ್ಕೂ ಕೊಲ್ಲುವುದಕ್ಕೂ ನಡುವೆ ನಮ್ಮ ಊರಿನಲ್ಲಿ ಜಾಗ ಅಷ್ಟೇ ಇರುವುದು. ಪುಸ್ತಕದ ದೊರೆ ಏನು ಮಾಡಿದ ಅಂತ ಬರೆದವರೇ ಹೇಳಲಿ. ನನ್ನ ಕಣ್ಣೆದುರು ಒಬ್ಬ ಬೆಳ್ತಂಗಡಿಯ ಬಸ್ಸು ಹತ್ತಿ ತಮ್ಮನನ್ನು ಕರೆದುಕೊಂಡ. ಅಷ್ಟನ್ನು ನಾನು ಸರಿಯಾಗಿಯೇ ಓದಿದ್ದೇನೆ.

ಈ ಪುಸ್ತಕ ಹಾಕಿ ಸೈನಬಳ ಕೈಯಲ್ಲಿ ಕೊಟ್ಟ ಚೀಲದ ಅಡಿಯಲ್ಲಿ ಐದನೇ ಸಂಪುಟ ಉಂಟು, ಕೊನೆಯದ್ದು, ನಿನ್ನೆಯಷ್ಟೇ ಅಚ್ಚಾಗಿ ಬಂದದ್ದು. ಪ್ಲಾಸ್ಟಿಕ್ ಕವರು ಕೂಡ ಹರಿದಿಲ್ಲ, ಬೇಕಾದರೆ ಪರೀಕ್ಷೆ ಮಾಡು. ಚರ್ಚೆ ಮುಗಿದ ಮೇಲೆ, ಸೋಮವಾರ ಮಧ್ಯಾಹ್ನ ನಾನು ಅಂಗಡಿಗೆ ಬರುತ್ತೇನೆ. ಈ ಸಲ ನೀನು ಓದು, ನಾನು ಕಾಲು ಚಾಚಿ ಕೂರುತ್ತೇನೆ. ಕನ್ನಡಕ ಮನೆಯಲ್ಲೇ ಬಿಟ್ಟು ಬರುತ್ತೇನೆ. ನೀನು ಎಲ್ಲಿಯಾದರೂ ಒಂದು ಅಕ್ಷರ ಆಚೀಚೆ ಮಾಡಿದರೆ ನನಗೆ ಗೊತ್ತಾಗುವುದಿಲ್ಲ. ಗೊತ್ತಾದರೂ, “ಇನ್ನೊಂದು ಸಲ ಓದು” ಅಂತ ಮಾತ್ರ ಹೇಳುವವ.

ಈಗ ಕಾಗದ ಸರಿಸು. ವಾಕ್ಯ ನೋಡು. ಬೈಯಲಿಕ್ಕೆ ಶುರು ಮಾಡು, ತುಳುವಿನಲ್ಲಿಯೇ ಆಗಲಿ.

ನಿನ್ನ ಹೊಸ ಕಣ್ಣು ತಮ್ಮನ ಹೆಸರಿನ ಬೋರ್ಡನ್ನು ದಿನಾಲೂ ಓದುತ್ತಾ, ನೂರು ವರ್ಷ ಮಸುಕಾಗದಿರಲಿ.

ನರಿಕೊಂಬಿನಿಂದ,
ಕೊಂಬು ಕಳಚಿಟ್ಟ ನಿನ್ನ ನರಿ,
ಶಂಭು