ಸಂಜೆ ಆರರ ತರಗತಿ

ಟೈಪಿಸ್ಟ್ ಅಕ್ಕನಿಗೆ, ಪುಟ್ಟ ಮೇಷ್ಟ್ರು ಮಾಡುವ ನಮಸ್ಕಾರಗಳು.

ನನಗೀಗ ಎಪ್ಪತ್ತೊಂಬತ್ತು. ಮೊಮ್ಮಕ್ಕಳೆದುರು ಪುಟ್ಟ ಮೇಷ್ಟ್ರು ಎಂದು ಹೇಳಿಕೊಂಡರೆ ಬಿದ್ದು ಬಿದ್ದು ನಗುತ್ತಾರೆ. ಮೇಷ್ಟ್ರುಗಳಲ್ಲೆಲ್ಲ ಚಿಕ್ಕವನೆಂದು ಆ ಹೆಸರಿಟ್ಟವರು ನೀವು, ಅದು ನಿಮಗಷ್ಟೇ ಮೀಸಲು. ಕಣ್ಣು ಮಂಜಾಗಿದೆ, ಕಾಗದ ಬಂದರೆ ಮಗಳೇ ಓದಿ ಹೇಳಬೇಕು ಎಂದು ಫೋನಿನಲ್ಲಿ ಹೇಳಿದಿರಿ. ಅವಳ ನಾಲಿಗೆ ತೊಡರದಂತೆ ಸಣ್ಣ ಸಣ್ಣ ವಾಕ್ಯ ಬರೆಯುತ್ತಿದ್ದೇನೆ. ಆ ವಿದ್ಯೆ ಕಲಿಸಿದವರೂ ನೀವೇ.

ನಮ್ಮ ರಾಷ್ಟ್ರೀಯ ಅರ್ಥಶಾಸ್ತ್ರ ವಿಶ್ವವಿದ್ಯಾಲಯಕ್ಕೆ ಐವತ್ತೈದು ತುಂಬಿತು. ಅದರ ಚರಿತ್ರೆ ಬರೆಯುವ ಕೆಲಸವನ್ನು ಕುಲಪತಿಗಳು ನನಗೆ ಗಂಟುಹಾಕಿದರು. ಮೊದಲ ತಂಡದ ಮೇಷ್ಟ್ರುಗಳಲ್ಲಿ ಇನ್ನೂ ಮಹಡಿ ಹತ್ತಬಲ್ಲವನು ನಾನೊಬ್ಬನೇ, ಅದೇ ನನ್ನ ಯೋಗ್ಯತೆ. ಮೂರು ತಿಂಗಳು ಹಳೆಯ ಕಡತಗಳ ಕೋಣೆಯಲ್ಲಿ ಸೀನುತ್ತಾ ಕೂತೆ. ಯಾವ ವರ್ಷ ಯಾವ ವಿಭಾಗ ಶುರುವಾಯಿತು, ಯಾವ ಕಟ್ಟಡಕ್ಕೆ ಯಾವ ಮಂತ್ರಿ ಕಲ್ಲು ಹಾಕಿದರು, ಎಲ್ಲವೂ ಇದೆ. ನೀವು ಮಾತ್ರ ಎಲ್ಲೂ ಇಲ್ಲ.

ಬಟ್ಟೆ ಗೋದಾಮಿನ ಆ ನಾಲ್ಕು ಕೋಣೆಗಳು ನೆನಪಿವೆಯೇ? ಆಗ ಅದು ಯೋಜನಾ ಇಲಾಖೆಗೆ ಗುಮಾಸ್ತರನ್ನು ತಯಾರು ಮಾಡುವ ಒಂದು ಸಂಸ್ಥೆ, ಅಷ್ಟೇ. ಕೋಣೆಗಳ ನಡುವೆ ಗೋಡೆಯಿರಲಿಲ್ಲ, ತೆಳು ಹಲಗೆಯಿತ್ತು. ಪಕ್ಕದಲ್ಲಿ ಸಂಖ್ಯಾಶಾಸ್ತ್ರದವರು ಕೆಮ್ಮಿದರೆ ಬ್ಯಾಂಕಿಂಗ್ ಪಾಠ ನಿಲ್ಲುತ್ತಿತ್ತು. ಪುಸ್ತಕಗಳೆಲ್ಲ ಪರಭಾಷೆಯವು. ನಾನು ಟಿಪ್ಪಣಿ ಬರೆದುಕೊಡಬೇಕು, ನೀವು ಅದನ್ನು ಸ್ಟೆನ್ಸಿಲ್ ಹಾಳೆಗೆ ಟೈಪ್ ಮಾಡಿ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆಯಬೇಕು. ನಿಮ್ಮ ಬೆರಳಿನ ಮಸಿ ಭಾನುವಾರವೂ ಹೋಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ನನ್ನ ಹಾಳೆ ಹಿಡಿದು ಮೇಷ್ಟ್ರುಗಳ ಕೋಣೆಗೇ ಬಂದಿರಿ. ‘ಕ್ರಯಶಕ್ತಿಸಮನ್ವಿತವಾದ ಅಭೀಪ್ಸೆಯೇ ಬೇಡಿಕೆ’ ಎಂದು ಬರೆದಿದ್ದೆ. ಬರೆದು ಬಹಳ ಹೆಮ್ಮೆಪಟ್ಟಿದ್ದೆ.

“ಮೇಷ್ಟ್ರೇ, ಇದನ್ನ ಟೈಪ್ ಮಾಡೋಕೆ ನನ್ನ ಮಿಷನ್ನೇ ಒಪ್ತಿಲ್ಲ. ಏನಿದು?” ಎಂದಿರಿ.

“ಅದು ಅರ್ಥ ಆಗೋಕೆ ಅರ್ಥಶಾಸ್ತ್ರ ಓದಿರಬೇಕಮ್ಮಾ,” ಎಂದೆ ಗತ್ತಿನಿಂದ.

“ಓದಿದ್ರೆ ಹುಡುಗರು ಇಲ್ಲಿಗ್ಯಾಕೆ ಬರ್ತಿದ್ರು?”

ಕೋಣೆಯೆಲ್ಲ ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ನೀವು ಮಾತ್ರ ನಗಲಿಲ್ಲ. “ಎದುರಂಗಡೀಲಿ ಒಂದು ನೀಲಿ ಕೋಟು ನೇತಾಕಿದಾರೆ. ದಿನಾ ನಿಂತು ನೋಡ್ತೀನಿ. ಆದ್ರೆ ಒಳಗೆ ಕಾಲಿಡಲ್ಲ, ನನ್ನ ಸಂಬಳ ನನಗೆ ಗೊತ್ತು. ನನ್ನ ಆಸೆ ನಿಮ್ಮ ಶಾಸ್ತ್ರದಲ್ಲಿ ಬೇಡಿಕೆನಾ, ಅಲ್ವಾ?”

“ಅಲ್ಲ.”

“ಹಾಗಂತ ಬರೀರಿ ಮತ್ತೆ.”

ಹಾಗಂತಲೇ ಬರೆದೆ. ಆಮೇಲೆ ಎರಡು ವರ್ಷ, ನಿಮಗೆ ಅರ್ಥವಾಗದ ಒಂದು ಪುಟವೂ ತರಗತಿಗೆ ಹೋಗಲಿಲ್ಲ. ಆ ಟಿಪ್ಪಣಿಗಳೇ ಸೇರಿ ಪುಸ್ತಕವಾದವು. ಸಂಸ್ಥೆಯನ್ನು ಮುಚ್ಚುವುದೋ ಬೆಳೆಸುವುದೋ ಎಂದು ನೋಡಲು ಬಂದ ಸಮಿತಿಯ ಮುಂದೆ ಪ್ರಾಂಶುಪಾಲರು ಅದನ್ನೇ ಇಟ್ಟರು. ನಮ್ಮ ಭಾಷೆಯಲ್ಲಿ ಇಂಥದ್ದೊಂದು ಇದೆಯೇ ಎಂದು ಅವರು ಬೆರಗಾದರು. ನಾವು ರಾಷ್ಟ್ರೀಯ ವಿಶ್ವವಿದ್ಯಾಲಯವಾದೆವು. ಮುನ್ನುಡಿಯಲ್ಲಿ ನಾನು ಮಂತ್ರಿಗಳಿಗೆ, ಮುದ್ರಕರಿಗೆ, ಆಗಿನ್ನೂ ಮದುವೆಯ ಮಾತುಕತೆಯಷ್ಟೇ ಆಗಿದ್ದ ನನ್ನ ಮಾವನವರಿಗೂ ಕೃತಜ್ಞತೆ ಹೇಳಿದ್ದೆ. ನಿಮಗೆ ಹೇಳಿರಲಿಲ್ಲ.

ವಿಶ್ವವಿದ್ಯಾಲಯವಾದ ಮೇಲೆ ಹೊಸ ನಿಯಮ ಬಂತು. ಕಚೇರಿಯವರಿಗೆಲ್ಲ ಪದವಿ ಇರಬೇಕು, ಇಲ್ಲದವರು ಮನೆಗೆ. ಸಭೆಯಲ್ಲಿ ಪಟ್ಟಿ ಓದಿದರು. ಮೂರನೆಯ ಹೆಸರು ನಿಮ್ಮದು. “ಯಾರಾದರೂ ಏನಾದರೂ ಹೇಳೋದಿದೆಯಾ?” ಎಂದು, ಆಗ ಕುಲಪತಿಯಾಗಿದ್ದ ಅದೇ ಪ್ರಾಂಶುಪಾಲರು ಕೇಳಿದರು. ನನ್ನ ಬಡ್ತಿಯ ಕಡತ ಅದೇ ಮೇಜಿನ ಮೇಲಿತ್ತು. ನಾನು ಫ್ಯಾನ್ ನೋಡುತ್ತಾ ಕೂತೆ.

ಓದುತ್ತಿರುವ ಮಗಳೇ, ಇದನ್ನು ಸ್ವಲ್ಪ ಗಟ್ಟಿಯಾಗಿ ಓದಮ್ಮ: ನಿನ್ನ ಅಮ್ಮನನ್ನು ಕೆಲಸದಿಂದ ತೆಗೆದಾಗ ನಾನು ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.

ಅಕ್ಕಾ, ನಿಮಗೆ ಇದು ಗೊತ್ತಿತ್ತೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. ಹೊರಡುವ ದಿನ ಮಿಷನ್ನಿಗೆ ಗವಸು ಹಾಕಿ, ನನ್ನ ಬಾಗಿಲಲ್ಲಿ ನಿಂತಿರಿ. “ಡಿಗ್ರಿ ಬೇಕಂತಲ್ಲ ಮೇಷ್ಟ್ರೇ, ಎಲ್ಲಿ ಸಿಗುತ್ತೆ?”

“ಇಲ್ಲೇ. ಆದ್ರೆ ತರಗತಿ ಹಗಲು ಹೊತ್ತು.”

“ಹಗಲು ಹೊಟ್ಟೆಪಾಡು. ಸಂಜೆ ಯಾಕಿಲ್ಲ?”

ನೀವು ಉತ್ತರಕ್ಕೆ ಕಾಯಲಿಲ್ಲ. ನ್ಯಾಯಾಲಯದೆದುರು ಅರ್ಜಿ ಟೈಪ್ ಮಾಡುವವರ ಸಾಲಿನಲ್ಲಿ ಕೂತಿರಿ. ಅರ್ಜಿಗೆಂದು ಬಂದವರನ್ನೆಲ್ಲ ಓದುವ ಆಸೆ ಇದೆಯಾ ಎಂದು ಕೇಳಿದಿರಿ. ಬಸ್ ಕಂಡಕ್ಟರು, ದಾದಿಯರು, ಅಂಚೆ ವಿಂಗಡಿಸುವವರು, ಅಂಗಡಿಯಲ್ಲಿ ನಿಂತು ನಿಂತು ಕಾಲು ಬಾತವರು. ಸಂಜೆ ತರಗತಿ ಬೇಕೆಂಬ ಮನವಿಗೆ ಎಂಟು ತಿಂಗಳಲ್ಲಿ ನೂರ ಅರವತ್ತು ಸಹಿ. ಆ ಮನವಿಯನ್ನು ಕುಲಪತಿಗಳ ಮೇಜಿನ ಮೇಲಿಟ್ಟು ಬಂದಿರಿ. ಮತ್ತೆ ಸಭೆ ಸೇರಿತು. ಸಂಜೆ ವಿಭಾಗವೇನೋ ಆಗಬಹುದು, ದಿನವೆಲ್ಲ ಗಂಟಲು ಹರಿದುಕೊಂಡವರು ಆರು ಗಂಟೆಗೆ ಮತ್ತೆ ಪಾಠ ಮಾಡುತ್ತಾರೆಯೇ ಎಂದು ಕೇಳಿದರು. ಯೋಚಿಸುವ ಮೊದಲೇ ನನ್ನ ಕೈ ಮೇಲೆದ್ದಿತ್ತು.

ಮೊದಲ ಸಂಜೆ ನಲವತ್ತೊಂದು ಜನ. ನೀವು ಕಿಟಕಿಯ ಪಕ್ಕ, ಎರಡನೇ ಸಾಲಿನಲ್ಲಿ. ಹೆಗಲ ಚೀಲವನ್ನೂ ಇಳಿಸದೆ ಓಡಿಬಂದಿದ್ದ ಕಂಡಕ್ಟರು ಮಧ್ಯೆ ಎದ್ದು ನಿಂತರು. “ಸಾರ್, ಈ ಕೋಟಿನ ಮಾತು ಒಂದೇ ಸಲಕ್ಕೆ ತಲೆಗೆ ಹೋಯ್ತು. ಯಾರ್ ಸಾರ್ ಬರ್ದಿದ್ದು?”

ನಾನು ನಿಮ್ಮ ಕಡೆ ಕೈ ತೋರಿಸಿದೆ. ಎಲ್ಲರೂ ತಿರುಗಿದರು. ನೀವು ನಾಚಲೂ ಇಲ್ಲ, ಬೀಗಲೂ ಇಲ್ಲ. “ಕೋಟು ಇನ್ನೂ ತಗೊಂಡಿಲ್ಲಪ್ಪಾ,” ಎಂದಿರಿ. ಆಗ ಎದ್ದ ನಗುವಿಗೆ ಕಾವಲುಗಾರ ಓಡಿಬಂದ.

ಪದವಿ ಮುಗಿದ ಮೇಲೆ ಕಚೇರಿಗೆ ವಾಪಸ್ ಬನ್ನಿ ಎಂದು ಕರೆದೆ. “ಟೈಪ್ ಮಾಡಿದ್ದು ಸಾಕು, ಇನ್ನು ನಾನು ಬರ್ದಿದ್ದನ್ನ ಬೇರೆಯವರು ಟೈಪ್ ಮಾಡ್ಲಿ,” ಎಂದು ಶಾಲೆಯ ಮೇಷ್ಟ್ರಾದಿರಿ. ಇವತ್ತು ನಮ್ಮಲ್ಲಿ ಹಗಲು ಓದುವವರಿಗಿಂತ ಸಂಜೆ ಓದುವವರೇ ಹೆಚ್ಚು. ಕಾಲ ಬದಲಾದರೂ ಅವರ ಮುಖದ ದಣಿವು ಅದೇ, ಪ್ರಶ್ನೆ ಕೇಳುವ ಧೈರ್ಯವೂ ಅದೇ.

ಇದೆಲ್ಲವನ್ನೂ ಆರು ಪುಟ ಬರೆದೆ. ಸಂಪಾದಕ ಚಿಕ್ಕ ವಯಸ್ಸಿನ ಅಧ್ಯಾಪಕ, ಬುದ್ಧಿವಂತ. ಕೆಂಪು ಗೆರೆ ಎಳೆದುಬಿಟ್ಟಿದ್ದ. “ಸಾರ್, ಇದು ನಿಮ್ಮ ನೆನಪು. ಚರಿತ್ರೆ ಅಂದ್ರೆ ದಾಖಲೆ ಬೇಕು,” ಎಂದ. ಸರಿಯಾದ ಮಾತೇ. ಮತ್ತೆ ಕಡತಗಳ ಕೋಣೆಗೆ ಹೋದೆ. ಒಂಬತ್ತು ದಿನ ಹುಡುಕಿದೆ. ‘ಇತರೆ’ ಎಂಬ ಕಟ್ಟಿನಲ್ಲಿ ನಿಮ್ಮ ಮನವಿ ಸಿಕ್ಕಿತು. ನಾಲ್ಕು ಹಾಳೆ, ಒಂದು ಅಕ್ಷರ ತಪ್ಪಿಲ್ಲ.

ಅವನ ಮುಂದಿಟ್ಟೆ. ಸಹಿಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡುತ್ತಾ ಹೋದ. ಮೂರನೇ ಹಾಳೆಯಲ್ಲಿ ಬೆರಳು ನಿಂತಿತು.

“ಇದು ನಮ್ಮಜ್ಜಿ ಸಾರ್. ಆಸ್ಪತ್ರೇಲಿ ದಾದಿ ಆಗಿದ್ರು. ಇಲ್ಲೇ ಓದಿದ್ರು ಅಂತ ಗೊತ್ತಿತ್ತು, ಇದು ಗೊತ್ತಿರಲಿಲ್ಲ,” ಎಂದ.

ಅಕ್ಕಾ, ಆ ಆರು ಪುಟಗಳು ಈಗ ಪುಸ್ತಕದ ಮೊದಲ ಅಧ್ಯಾಯ. ನಿಮ್ಮ ಪೂರ್ತಿ ಹೆಸರಿದೆ, ಇನಿಷಿಯಲ್ ಸಮೇತ. ಸಂಜೆ ತರಗತಿಯಲ್ಲೇ ಬಿಡುಗಡೆ ಮಾಡಬೇಕೆಂದು ಹಠ ಹಿಡಿದು ಒಪ್ಪಿಸಿದ್ದೇನೆ. ಮುಂದಿನ ಬುಧವಾರ ಐದಕ್ಕೆ ಆ ಹುಡುಗನೇ ಕಾರು ತಂದು ನಿಮ್ಮ ಬಾಗಿಲಲ್ಲಿ ನಿಲ್ಲುತ್ತಾನೆ. ಮಂಡಿನೋವು ಎಂದು ನೆಪ ಹೇಳಬೇಡಿ, ಮೆಟ್ಟಿಲಿಲ್ಲದ ಕೋಣೆ ಗೊತ್ತುಮಾಡಿದ್ದೇನೆ.

ನಿಮ್ಮ ಹೊಟ್ಟೆ ತಣ್ಣಗಿರಲಿ. ಓದಿ ಹೇಳಿದ ಮಗಳಿಗೆ ನನ್ನ ಆಶೀರ್ವಾದ, ಅವಳೂ ಜೊತೆಗೆ ಬರಲಿ.

ಬುಧವಾರದ ದಾರಿ ಕಾಯುತ್ತಾ,
ನಿಮ್ಮ ಪುಟ್ಟ ಮೇಷ್ಟ್ರು