ಫ್ರಿಜ್ ಮೇಲಿನ ರೆಕಾರ್ಡರ್‌ಗೆ ಸದ್ದು ಬೇಕು

ಚಿಕ್ಕಮ್ಮಾ,

ಫ್ರಿಜ್ ಮೇಲೆ ರೆಕಾರ್ಡರ್ ಮತ್ತೆ ಇಟ್ಟಿದ್ದೇನೆ. ಇವತ್ತಾದರೂ ಸದ್ದು ಮಾಡು, ನಿನ್ನ ದಮ್ಮಯ್ಯ!

ಇಷ್ಟು ದೂರ ಪರದೇಶಕ್ಕೆ ಇಂಟರ್ನ್‌ಶಿಪ್‌ಗೆ ಬಂದು, ನಿನ್ನ ಮನೆಯಲ್ಲಿದ್ದುಕೊಂಡು ನಾನು ಕಲಿಯುತ್ತಿರುವುದೇ ಅದು: ಜನ ಇರುವ ಮನೆಯಲ್ಲಿ ದಿನವಿಡೀ ಏನೇನು ಸದ್ದಾಗುತ್ತದೆ ಅಂತ. ನೀನೋ, ಹುಡುಗಿಯ ಕೆಲಸ ಕೆಡಬಾರದೆಂದು ಮೊನ್ನೆ ಮಿಕ್ಸಿ ಮುಟ್ಟಲಿಲ್ಲ, ವಾಷಿಂಗ್ ಮಷಿನ್ ಹಾಕಲಿಲ್ಲ. ಕೆಮ್ಮು ಬಂದರೆ ಬಾಲ್ಕನಿಗೆ ಓಡಿದೆ ಅಂತ ಹೆಮ್ಮೆಯಿಂದ ಬೇರೆ ಹೇಳಿದೆ! ವರದಿ ಕೊಡುವ ದಿನ ಹತ್ತಿರ ಬಂತು, ನನ್ನ ಕೈಯಲ್ಲಿರುವುದು ಬರೀ ಫ್ರಿಜ್ಜಿನ ಗುರ್ ಗುರ್.

ನಡುವೆ ನಿನ್ನದು ಒಂದೇ ಒಂದು ಪಿಸುಮಾತು ಸಿಕ್ಕಿತು. ನನಗೆ ಕೆಲಸ ಕಲಿಸುವ ಎಂಜಿನಿಯರಮ್ಮನಿಗೆ ನಮ್ಮ ಭಾಷೆ ಬರುವುದಿಲ್ಲ, ಆದರೂ ನಿನ್ನೆ ಅದನ್ನೇ ಮತ್ತೆ ಮತ್ತೆ ಹಾಕಿಸಿ ಕೇಳಿದರು. "ಯಾರ ಹತ್ರ ಮಾತಾಡ್ತಿದಾರೆ? ಏನಂತಿದಾರೆ?" ರೆಕಾರ್ಡರ್ ಹತ್ತಿರ ಅಂದೆ. ಅರ್ಥ ಮಾತ್ರ ಹೇಳಲಿಲ್ಲ.

"ಕೇಳಿಸ್ಕೋಪ್ಪಾ, ಅವಳು ಊರಿಗೆ ಹೋದ್ಮೇಲೆ ಈ ಮನೆ ಹೀಗೇ ಇರತ್ತೆ."

ಇವತ್ತು ಮಿಕ್ಸಿ ತಿರುಗಿಸು. ಸಾಸಿವೆ ಚಟಪಟ ಸಿಡಿಸು, ಎಂಜಿನಿಯರಮ್ಮ ಅದನ್ನು ಏನಂದುಕೊಳ್ಳುತ್ತಾರೋ ನೋಡುವ ಆಸೆ ನನಗೆ. ಅಮ್ಮನಿಗೆ ಫೋನ್ ಮಾಡಿ ನನ್ನ ಮೇಲೆ ಚಾಡಿ ಹೇಳು, ಗಟ್ಟಿಯಾಗಿ. ಡಬ್ಬಿಯಲ್ಲಿ ಅನ್ನ ಇದೆ, ತಣ್ಣಗೇ ತಿನ್ನಬೇಡ.

ಬಾಗಿಲು ದಡಾರನೆ ಹಾಕ್ತೀಯ ಅಂತ ದಿನಾ ಬೈಯುತ್ತೀಯಲ್ಲ, ಸಂಜೆ ದಡಾರನೆ ಹಾಕಿಕೊಂಡೇ ಬರುತ್ತೇನೆ. ನೀನು ಬೈದು ಮುಗಿಸುವವರೆಗೂ ರೆಕಾರ್ಡರ್ ಆಫ್ ಮಾಡುವುದಿಲ್ಲ. ಆ ಸದ್ದು ವರದಿಗಲ್ಲ, ನನಗೆ.