ವಾಸನಿ ಹೋತು, ಖಲಾಸ್

ಶರಣಣ್ಣಾ,

ಇದು ನಿನಗೆ ಮುಟ್ಟುವುದಿಲ್ಲ. ಆದರೂ ಇವತ್ತು ಇಲ್ಲಿ ಕುವೈತಿನ ಲ್ಯಾಬಿನಲ್ಲಿ ಆದದ್ದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ತಾಮ್ರದ ತಗಡನ್ನು ಕುಲುಮೆಯಲ್ಲಿ ಕಾಯಿಸಿ, ಅದರ ಮೇಲೆ ಕೂದಲಿಗಿಂತ ಎಷ್ಟೋ ಸಣ್ಣ ಆಕ್ಸೈಡ್ ಸೂಜಿಗಳನ್ನು ಬೆಳೆಸಿದ್ದೆ. ಶುಐಬಾದ ಪ್ಲಾಂಟಿನಲ್ಲಿ ನಿನ್ನನ್ನು ತಿಂದಿತಲ್ಲ, ಕೊಳೆತ ಮೊಟ್ಟೆಯಂತೆ ನಾರುವ ಆ ಗ್ಯಾಸು, ಅದನ್ನು ಇವು ಹಿಡಿಯಬೇಕು. ಗಾಜಿನ ಪೆಟ್ಟಿಗೆಯೊಳಗೆ ಸ್ವಲ್ಪ ಗ್ಯಾಸ್ ಬಿಟ್ಟೆವು. ಪರದೆಯ ಮೇಲೆ ಗೆರೆ ಜಿಗಿಯಿತು. ನನಗೆ ಅಳುವೇ ಬಂತು. ಇನ್ನೂ ಹೆಚ್ಚು ಬಿಟ್ಟೆವು. ಗೆರೆ ಮೇಲೇರಿ, ಆಮೇಲೆ ಮೆಲ್ಲಗೆ ಇಳಿದು ತಳದಲ್ಲಿ ಮಲಗಿಬಿಟ್ಟಿತು. ಪೆಟ್ಟಿಗೆಯ ತುಂಬ ಗ್ಯಾಸ್ ಇದ್ದೇ ಇತ್ತು. ಸೂಜಿಗಳೇ ಗಂಧಕ ಕುಡಿದು ಕೆಟ್ಟಿದ್ದವು. ಥೇಟ್ ನಮ್ಮ ಮೂಗಿನ ಹಾಗೆ. ವಿಷ ಹೆಚ್ಚಾದರೆ ಅದಕ್ಕೂ ವಾಸನೆ ತಿಳಿಯುವುದಿಲ್ಲ.

ಜೊತೆಗೆ ಕೆಲಸ ಮಾಡುವ ಪಾವನಾ, "ಗ್ಯಾಸ್ ಹೋಯ್ತು ಕಣೇ ಸ್ವಪ್ನಾ, ಖಲಾಸ್. ಮುಚ್ಚಳ ತೆಗೀಲಾ?" ಎಂದಳು.

ಕುವೈತಿಗೆ ಬಂದವರೆಲ್ಲ ಮೊದಲು ಕಲಿಯುವ ಮಾತು ಅದು. ಪ್ಲಾಂಟಿನಿಂದ ಕೊನೆಯ ಸಲ ಫೋನ್ ಮಾಡಿದಾಗ ನೀನೂ ಅದನ್ನೇ ಅಂದಿದ್ದೆ: "ಮುಂಜಾನಿಂದ ಭಾಳ ನಾತ ಇತ್ತು ತಂಗಿ. ಈಗ ವಾಸನಿ ಹೋತು, ಖಲಾಸ್. ಒಳಗ ಹೊಂಟೀನಿ."

ಆಗಲೂ ನಾನು ಇದೇ ಗ್ಯಾಸಿನ ಮೇಲೆ ಕೆಲಸ ಮಾಡುತ್ತಿದ್ದೆ. ಆದರೂ ನಿನ್ನನ್ನು ತಡೆಯಲಿಲ್ಲ.

"ಬ್ಯಾಡ! ಒಳಗ ಹೋಗಬ್ಯಾಡ!" ಎಂದು ಚೀರಿದೆ.

ಪಾವನಾ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಅಂಗೈಯಗಲದ ಆ ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಇದರೊಳಗೆ ಯಾರೇ ಹೋಗ್ತಾರೆ?" ಎಂದು ಕೇಳಿದಳು.